ಕಾನ್ವೆಂಟಿನ ಇಂಗ್ಲಿಷು

ಕಾನ್ವೆಂಟು ಅಂದ್ರೆ ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಸ್ಕೂಲು ಅಂತಲೇ ಅರ್ಥ. ಆದರೆ ಇಂಗ್ಲೆಂಡಿನ ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷು ‘ದೊಡ್ಡ ಭಾಷೆ ಬರದವರ’ ಭಾಷೆಯಾಗಿತ್ತು!

ಆಕ್ಸ್‌ಫರ್ಡಿನ ವಾಯವ್ಯಕ್ಕೆ, ಥೇಮ್ಸ್ ನದಿಯ ದಡದಲ್ಲಿ ಗಾಡ್‌ಸ್ಟೋ ಅನ್ನೋ ಜಾಗ ಇದೆ. ಸೂರಿಲ್ಲದ ಒಂದು ಪುಟ್ಟ ಚಾಪೆಲ್, ಸುತ್ತ ಒಂದಿಷ್ಟು ಕಲ್ಲಿನ ಗೋಡೆ... ಈಗ ಉಳಿದಿರೋದು ಅಷ್ಟೇ. 1133ರ ಸುಮಾರಿಗೆ ಈಡಿತ್ ಎಂಬ ವಿಧವೆ ಇಲ್ಲಿ ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠ ಸ್ಥಾಪಿಸಿದಳು. ದೊರೆ ಎರಡನೇ ಹೆನ್ರಿಯ ಪ್ರೇಯಸಿ ರೋಸಮಂಡಳ ಸಮಾಧಿ ಇದೇ ಮಠದ ಚರ್ಚಿನೊಳಗಿತ್ತು. 1191ರಲ್ಲಿ ಬಿಷಪ್ ಹ್ಯೂ ಅದನ್ನು ಹೊರಗೆ ಹಾಕಿಸಿದ. ಗಾಡ್‌ಸ್ಟೋ ಅಂದ್ರೆ ಎಲ್ಲರೂ ಹೇಳೋದು ಈ ಕತೆಯನ್ನೇ.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಮಠಕ್ಕೆ ಜಮೀನು, ಮನೆ ಬಾಡಿಗೆ ಎಲ್ಲಾ ಇತ್ತು. ದಾನಪತ್ರಗಳು ಮಾತ್ರ ಲ್ಯಾಟಿನ್ನಿನಲ್ಲಿ. ಸನ್ಯಾಸಿನಿಯರಿಗೆ ಲ್ಯಾಟಿನ್ ಅಷ್ಟಕ್ಕಷ್ಟೆ. ಒಂದು ಗಂಟೆ ನಡೆದರೆ ಆಕ್ಸ್‌ಫರ್ಡ್ ಯೂನಿವರ್ಸಿಟಿ, ನಿಜ. ಆದರೆ ಅದು ಹೆಂಗಸರಿಗೆ ಡಿಗ್ರಿ ಕೊಡೋಕೆ ಶುರು ಮಾಡಿದ್ದೇ 1920ರಲ್ಲಿ! ಹೀಗಾಗಿ ತಮ್ಮದೇ ಆಸ್ತಿ ಪತ್ರ ಓದೋಕೆ ಹೊರಗಿನ ಗಂಡಸರನ್ನು ಕಾಯಬೇಕಿತ್ತು.

1450ರ ಸುಮಾರಿಗೆ, ಆಲಿಸ್ ಹೆನ್ಲಿ ಮಠದ ಮುಖ್ಯಸ್ಥೆಯಾಗಿದ್ದಾಗ, ಮಠದ ಹಿತೈಷಿಯೊಬ್ಬ ಆ ಪತ್ರಗಳನ್ನು ಇಂಗ್ಲಿಷಿಗೆ ತಂದ. ತನ್ನ ಹೆಸರು ಹೇಳಿಕೊಳ್ಳದಿದ್ದರೂ ಕಾರಣವನ್ನು ಮುನ್ನುಡಿಯಲ್ಲೇ ಬರೆದಿದ್ದಾನೆ: ಇವರು ಇಂಗ್ಲಿಷ್ ಪುಸ್ತಕ ಚೆನ್ನಾಗಿ ಓದಬಲ್ಲರು, ಕಾನೂನು ಬಲ್ಲವರು ಹತ್ತಿರ ಇಲ್ಲದಾಗಲೂ ಬಾಡಿಗೆ ವಸೂಲಿ ಮಾಡುವವರಿಗೆ ತಾವೇ ತಿಳಿಸಿ ಹೇಳುವಂತಾಗಲಿ, ಅಂತ.

1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು. ಕಟ್ಟಡ ದೊರೆಯ ವೈದ್ಯ ಜಾರ್ಜ್ ಓವನ್ನನ ಮನೆಯಾಯಿತು. 1645ರ ಅಂತರ್ಯುದ್ಧದಲ್ಲಿ ಹಾಳಾಯಿತು. ಆಮೇಲೆ ದನ ಕೂಡುವ ದೊಡ್ಡಿಯೂ ಆಯಿತು. ಆದರೆ ಆ ಪುಸ್ತಕ ಮಾತ್ರ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿ ಇವತ್ತಿಗೂ ಭದ್ರವಾಗಿದೆ. ನನ್ನ ಕಣ್ಣಿಗೆ ಗಾಡ್‌ಸ್ಟೋದ ನಿಜವಾದ ಅವಶೇಷ ಅದೇ.

ಇದನ್ನು ಓದಿದಾಗ, ಇಂಗ್ಲಿಷಿನ ಸಾಲಪತ್ರದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದ ಕಡೆಯೆಲ್ಲ ಸುಮ್ಮನೆ ಸೈನ್ ಮಾಡುವ ನಮ್ಮ ಅಮ್ಮಂದಿರು ನೆನಪಾದರು. ಅವತ್ತಿನ ಲ್ಯಾಟಿನ್ ಜಾಗದಲ್ಲಿ ನಮಗೀಗ ಇಂಗ್ಲಿಷು ಕೂತಿದೆ, ಅಷ್ಟೇ ವ್ಯತ್ಯಾಸ. ಕನ್ನಡದಲ್ಲಿ ಕತೆ-ಕವನ ಬರೆಯೋಕೆ ನಾವೆಲ್ಲ ಇದ್ದೀವಿ. ಪತ್ರಗಳನ್ನು ಕನ್ನಡಕ್ಕೆ ತರುವ ಅಂಥ ಹಿತೈಷಿಗಳೂ ಬೇಕಲ್ವಾ? ಏನಂತೀರಿ?