ಟ್ರಾಲಪನ ಲೆಕ್ಕದ ಪುಸ್ತಕ

ಆಂಗ್ಲ ಕಾದಂಬರಿಕಾರನಾದ ಆಂಟನಿ ಟ್ರಾಲಪನು 1882ನೆಯ ಇಸವಿಯ ಡಿಸೆಂಬರಿನಲ್ಲಿ ಕಾಲವಾದನು. ಆತನು ಮೊದಲೇ ಬರೆದು ಮಗನ ವಶಕ್ಕೆ ಒಪ್ಪಿಸಿದ್ದ ಆತ್ಮಚರಿತ್ರೆಯು ಮರುವರ್ಷ ಪ್ರಕಟವಾಯಿತು. ಅದರ ಕೊನೆಯಲ್ಲಿ ಒಂದು ಪಟ್ಟಿಯುಂಟು. ಒಂದೊಂದು ಗ್ರಂಥದ ಹೆಸರು, ಅದು ಅಚ್ಚಾದ ವರ್ಷ, ಅದರಿಂದ ಕೈಸೇರಿದ ಹಣ. ಕಡೆಗೆ ಒಟ್ಟು ಮೊಬಲಗು 68,939 ಪೌಂಡು, 17 ಷಿಲ್ಲಿಂಗು, 5 ಪೆನ್ನಿ. ಸಾಹುಕಾರನ ಕಿರ್ದಿಯಂತಿರುವ ಈ ಪುಟವನ್ನು ಕಂಡು ಅನೇಕ ರಸಿಕರು ಮುಖ ಸಿಂಡರಿಸಿದರು. ಸರಸ್ವತಿಯನ್ನು ತಕ್ಕಡಿಗೆ ಹಾಕಿದವನೆಂಬ ಅಪವಾದವು ಆತನಿಗೆ ಬಹುಕಾಲ ಅಂಟಿಕೊಂಡಿತು. ಆ ಪಟ್ಟಿಯ ಹಿಂದಿರುವ ಕಥೆಯನ್ನು ತಿಳಿದವರು ಇಷ್ಟು ಬೇಗನೆ ತೀರ್ಪು ಹೇಳಲಾರರೆಂದು ನನ್ನ ಎಣಿಕೆ.

ಟ್ರಾಲಪನು ಹುಟ್ಟಿದ್ದು 1815ರಲ್ಲಿ, ಲಂಡನ್ ನಗರದಲ್ಲಿ. ತಂದೆ ನ್ಯಾಯವಾದಿ, ಆದರೆ ಕೈಹಿಡಿದ ಕೆಲಸವೊಂದೂ ಆತನಿಗೆ ಫಲಿಸಲಿಲ್ಲ. ಧನಿಕರ ಮಕ್ಕಳು ಓದುತ್ತಿದ್ದ ಹ್ಯಾರೋ ಶಾಲೆಗೆ ಬಾಲಕನು ಕೆಸರುದಾರಿಯಲ್ಲಿ ನಡೆದು ಹೋಗಬೇಕಾಗಿತ್ತು. ಮಾಸಿದ ಬಟ್ಟೆಯ ಈ ಹುಡುಗನನ್ನು ಯಾರೂ ಆಟಕ್ಕೆ ಸೇರಿಸುತ್ತಿರಲಿಲ್ಲ. ಆಗ ಆತನು ಒಂದು ಅಭ್ಯಾಸವನ್ನು ಮಾಡಿಕೊಂಡನು: ಮನಸ್ಸಿನಲ್ಲಿಯೇ ಒಂದು ಕಥೆಯನ್ನು ಕಟ್ಟಿ, ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸಿಕೊಂಡು ಹೋಗುವುದು. ಆ ಕಥೆಗೆ ನಿಯಮಗಳಿದ್ದವು. ಲೋಕದಲ್ಲಿ ನಡೆಯಲಾಗದಂಥದು ಅಲ್ಲಿಯೂ ನಡೆಯಕೂಡದು; ನಾಯಕನು ತಾನೇ ಆದರೂ ರಾಜಕುಮಾರನಾಗಕೂಡದು. ಈ ಹಗಲುಗನಸಿನ ಅಭ್ಯಾಸವಿಲ್ಲದಿದ್ದರೆ ತಾನು ಕಾದಂಬರಿ ಬರೆಯುತ್ತಿದ್ದುದೇ ಸಂದೇಹವೆಂದು ಆತನೇ ಮುಂದೆ ಒಪ್ಪಿಕೊಂಡನು.

ಮನೆಯ ದಾರಿದ್ರ್ಯವನ್ನು ನೀಗಿದವಳು ತಾಯಿ ಫ್ರಾನ್ಸೆಸ್. ಅಮೆರಿಕೆಗೆ ಹೋಗಿ ವ್ಯಾಪಾರದಲ್ಲಿ ಸೋತು ಹಿಂದಿರುಗಿದ ಆಕೆ, ಐವತ್ತು ದಾಟಿದ ವಯಸ್ಸಿನಲ್ಲಿ, 1832ರಲ್ಲಿ, ಅಮೆರಿಕನ್ನರ ನಡೆನುಡಿಗಳನ್ನು ಕುರಿತ ತನ್ನ ಮೊದಲ ಪುಸ್ತಕವನ್ನು ಪ್ರಕಟಿಸಿದಳು. 1834ರಲ್ಲಿ ಸಾಲಗಾರರ ಕಾಟಕ್ಕೆ ಸಂಸಾರವು ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋಯಿತು. ಅಲ್ಲಿ ಒಬ್ಬ ಮಗನು ಕ್ಷಯರೋಗದಿಂದ ಮಲಗಿದನು. ಪತಿಯೂ ಹಾಸಿಗೆ ಹಿಡಿದನು. ಔಷಧದ ಸೀಸೆಯೂ ಮಸಿಯ ಕುಡಿಕೆಯೂ ಒಂದೇ ಮನೆಯಲ್ಲಿ ಅಕ್ಕಪಕ್ಕ. ರೋಗಿಗಳ ಶುಶ್ರೂಷೆ ಮುಗಿದ ರಾತ್ರಿಯ ವೇಳೆಯಲ್ಲಿ ಆಕೆ ಕಾದಂಬರಿಯನ್ನು ಬರೆಯುತ್ತಿದ್ದಳು. ಅದರಿಂದಲೇ ಎಲ್ಲರ ಊಟ ನಡೆಯಬೇಕಾಗಿತ್ತು. ಬರವಣಿಗೆಯೆಂದರೆ ಗಂಟೆ ನೋಡಿ ಮಾಡುವ ಕೆಲಸವೆಂಬುದನ್ನು ಟ್ರಾಲಪನು ಕಲಿತದ್ದು ಈ ತಾಯಿಯಿಂದ. ಲೆಕ್ಕದ ಪಟ್ಟಿಯನ್ನು ಹಳಿದವರು ಈ ರಾತ್ರಿಗಳನ್ನು ನೆನೆಯಲಿಲ್ಲ.

ಅದೇ ವರ್ಷ ಆತನು ಲಂಡನ್ನಿನ ಅಂಚೆಯ ಕಛೇರಿಯಲ್ಲಿ ವರ್ಷಕ್ಕೆ 90 ಪೌಂಡು ಸಂಬಳದ ಗುಮಾಸ್ತೆಯಾದನು. ಏಳು ವರ್ಷ ಸಾಲ, ಸೋಮಾರಿತನ, ಮೇಲಧಿಕಾರಿಗಳ ಛೀಮಾರಿ. 1841ರಲ್ಲಿ, ಬೇರೆ ಯಾರೂ ಬಯಸದ ಒಂದು ಹುದ್ದೆಗಾಗಿ ಐರ್ಲೆಂಡಿಗೆ ಹೋದನು. ಅಲ್ಲಿ ಮನುಷ್ಯನೇ ಬೇರೆಯಾದನು. ಕುದುರೆಯೇರಿ ಹಳ್ಳಿಹಳ್ಳಿಯ ಅಂಚೆಯ ದಾರಿಗಳನ್ನು ತಪಾಸಣೆ ಮಾಡಿದನು, 1844ರಲ್ಲಿ ಮದುವೆಯಾದನು. ಅದಕ್ಕೆ ಹಿಂದಿನ ವರ್ಷ ಡ್ರಮ್‌ಸ್ನಾ ಎಂಬ ಹಳ್ಳಿಯ ಬಳಿ ತಿರುಗಾಡುತ್ತಿದ್ದಾಗ ಪಾಳುಬಿದ್ದ ಒಂದು ದೊಡ್ಡ ಮನೆಯನ್ನು ಕಂಡು, ಅದರಲ್ಲಿದ್ದವರ ಗತಿಯೇನಾಗಿರಬಹುದೆಂದು ಊಹಿಸುತ್ತ ಮೊದಲ ಕಾದಂಬರಿಯನ್ನು ಆರಂಭಿಸಿದ್ದನು.

ಮುಗಿದ ಹಸ್ತಪ್ರತಿಯನ್ನು ತಾಯಿಯ ಕೈಯಲ್ಲಿಟ್ಟು ಪ್ರಕಾಶಕನಿಗೆ ಮುಟ್ಟಿಸಬೇಕೆಂದು ಕೇಳಿಕೊಂಡನು. ಅದನ್ನು ತಾನು ಮೊದಲೇ ಓದದಿರುವುದು ಒಳ್ಳೆಯದೆಂದು ಆಕೆಯೂ ಹೇಳಿದಳು, ಮಗನೂ ಒಪ್ಪಿದನು. ‘ಬಾಲಿಕ್ಲೋರನ್ನಿನ ಮ್ಯಾಕ್‌ಡರ್ಮಟ್ಟರು’ ಎಂಬ ಆ ಪುಸ್ತಕವು 1847ರಲ್ಲಿ ಅಚ್ಚಾಯಿತು. ಲಾಭದಲ್ಲಿ ಅರ್ಧವೆಂದು ಕರಾರು. ಪ್ರಕಾಶಕನು ಲೆಕ್ಕವನ್ನು ಕಳುಹಿಸಲಿಲ್ಲ, ಗ್ರಂಥಕರ್ತನು ಕೇಳಲೂ ಇಲ್ಲ. ಅಚ್ಚಾದ ಮೇಲೆ ಆ ಪುಸ್ತಕದ ಮಾತನ್ನು ಹೆಂಡತಿಯ ಬಳಿಯೂ ಎತ್ತಲಿಲ್ಲವೆಂದು ಆತನು ಬರೆದಿದ್ದಾನೆ. ದೂರದ ಊರಿನಲ್ಲಿ ಕುಳಿತು ಬರೆದು, ಕಷ್ಟಪಟ್ಟು ಅಚ್ಚುಹಾಕಿಸಿ, ಉತ್ತರವೇ ಬಾರದ ಮೌನವನ್ನು ಅನುಭವಿಸಿದವರು ನಮ್ಮ ವಾಚಕರಲ್ಲಿಯೂ ಇರಬಹುದು. ಅವರಿಗೆ ಈ ಮಾತು ಬೇಗ ತಿಳಿದೀತು.

1848ರಲ್ಲಿ ಎರಡನೆಯದು, ಅದೂ ಐರ್ಲೆಂಡಿನ ಕಥೆ. ಅಚ್ಚಾದ ಪ್ರತಿಗಳು 375, ಮಾರಾಟವಾದವು 140. ನಷ್ಟವು 63 ಪೌಂಡು 10 ಷಿಲ್ಲಿಂಗು ಒಂದೂವರೆ ಪೆನ್ನಿಯೆಂದು ಪ್ರಕಾಶಕನು ಬಿಡಿಕಾಸನ್ನೂ ಬಿಡದೆ ಬರೆದು ತಿಳಿಸಿ, ಐರ್ಲೆಂಡಿನ ವಿಷಯವು ಜನರಿಗೆ ರುಚಿಸದೆಂದೂ ಸೇರಿಸಿದನು. ಆ ದೇಶದಲ್ಲಿ ಆಗ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮವಿತ್ತು. ಲಂಡನ್ನಿನ ಓದುಗರು ವಿನೋದಕ್ಕಾಗಿ ಅತ್ತ ತಿರುಗುವರೆ? 1850ರಲ್ಲಿ ಮೂರನೆಯದು. ಅದಕ್ಕೆ 20 ಪೌಂಡು ಬಂದಿತು. ಅದನ್ನು ಮಾತ್ರ ತಾನು ನ್ಯಾಯವಾಗಿ ದುಡಿದ ಹಣವೆಂದು ಆತನು ಎಣಿಸಲಿಲ್ಲ.

ಬಳಿಕ ಅಂಚೆಯ ಕೆಲಸವೇ ಆತನಿಗೆ ಕಥೆಯನ್ನು ಕೊಟ್ಟಿತು. ಹಳ್ಳಿಗಳ ಬಟವಾಡೆಯನ್ನು ಸರಿಪಡಿಸಲು ಇಂಗ್ಲೆಂಡಿನ ಪಶ್ಚಿಮ ಪ್ರಾಂತಗಳಲ್ಲಿ ಸಂಚರಿಸುತ್ತ, ಒಂದು ಬೇಸಗೆಯ ಸಂಜೆ ಸಾಲ್ಸ್‌ಬರಿಯ ದೊಡ್ಡ ಚರ್ಚಿನ ಸುತ್ತ ಅಡ್ಡಾಡುತ್ತಿದ್ದಾಗ ‘ವಾರ್ಡನ್’ ಎಂಬ ಕಾದಂಬರಿಯು ಹೊಳೆಯಿತು. ಬಡ ಮುದುಕರ ಧರ್ಮಶಾಲೆಯೊಂದರ ಆದಾಯದಲ್ಲಿ ತನಗೆ ಬರುತ್ತಿರುವ ಪಾಲು ನ್ಯಾಯವೆ, ಅನ್ಯಾಯವೆ ಎಂದು ತಳಮಳಿಸಿ, ಕೊನೆಗೆ ಹುದ್ದೆಯನ್ನೇ ಬಿಟ್ಟುಕೊಡುವ ಸಾಧು ಪಾದ್ರಿಯೊಬ್ಬನ ಕಥೆ ಅದು. 1855ರಲ್ಲಿ ಪ್ರಕಟವಾಗಿ, ಆ ವರ್ಷದ ಕೊನೆಗೆ 9 ಪೌಂಡು 8 ಷಿಲ್ಲಿಂಗು 8 ಪೆನ್ನಿಯನ್ನು ತಂದಿತು. ಲೇಖನಿ ಹಿಡಿದು ಹನ್ನೆರಡು ವರ್ಷಗಳಾದ ಮೇಲೆ, ನಲವತ್ತರ ವಯಸ್ಸಿನಲ್ಲಿ ಬಂದ ಮೊದಲ ಗಳಿಕೆ! ಹಣಕ್ಕಾಗಿಯೇ ಬರೆದವನಾಗಿದ್ದರೆ ಆತನು ಎಂದೋ ಬಿಟ್ಟುಬಿಡುತ್ತಿದ್ದನು.

ಮುಂದಿನ ‘ಬಾರ್ಚೆಸ್ಟರ್ ಟವರ್ಸ್’ (1857) ಕಾದಂಬರಿಯ ಬಹುಭಾಗವನ್ನು ರೈಲುಬಂಡಿಯಲ್ಲಿ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಸೀಸದ ಕಡ್ಡಿಯಿಂದ ಬರೆದನು. ಹೆಂಡತಿ ಶುದ್ಧಪ್ರತಿ ಮಾಡಿದಳು. ಮರುವರ್ಷ ಅಂಚೆಯ ಕಾರ್ಯಕ್ಕಾಗಿ ಈಜಿಪ್ಟಿಗೆ ಹೋಗುವಾಗ ಹಡಗಿನಲ್ಲಿ ವಾಂತಿಯಾಗುತ್ತಿದ್ದರೂ ದಿನದ ಪುಟಗಳನ್ನು ತಪ್ಪಿಸಲಿಲ್ಲ. ಲಂಡನ್ನಿಗೆ ಸಮೀಪದ ವಾಲ್ತಮ್ ಕ್ರಾಸಿನಲ್ಲಿ ನೆಲಸಿದ ಮೇಲೆ ಬೆಳಗಿನ ಐದೂವರೆ ಗಂಟೆಗೆ ಮೇಜಿನ ಮುಂದಿರುತ್ತಿದ್ದನು. ಕಾಫಿ ತಂದು ಎಬ್ಬಿಸುವುದಕ್ಕಾಗಿ ಹಳೆಯ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಡುತ್ತಿದ್ದನು. ತನ್ನ ಯಶಸ್ಸಿಗೆ ಆ ಆಳಿನಷ್ಟು ಕಾರಣರಾದವರು ಬೇರೊಬ್ಬರಿಲ್ಲವೆಂಬ ಅರ್ಥದ ಮಾತನ್ನೂ ಬರೆದಿದ್ದಾನೆ. ಮೊದಲ ಅರ್ಧ ಗಂಟೆ ಹಿಂದಿನ ದಿನದ್ದನ್ನು ಓದುವುದು. ಆಮೇಲೆ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಪುಟಗಳ ಸಂಖ್ಯೆಯನ್ನು ದಿನಚರಿಯಲ್ಲಿ ಗುರುತುಹಾಕುವನು. ಕೆಲಸ ತಪ್ಪಿದ ದಿನದ ಬರಿಯ ಸಾಲು ಮರುದಿನ ಕಣ್ಣಿಗೆ ಚುಚ್ಚುತ್ತಿತ್ತು.

ನಮ್ಮ ಕನ್ನಡದ ಆದಿ ಕಾದಂಬರಿಕಾರರಲ್ಲಿಯೂ ಸರ್ಕಾರದ ನೌಕರರು ಇದ್ದರು. ‘ಇಂದಿರಾಬಾಯಿ’ (1899)ಯನ್ನು ಬರೆದ ಗುಲ್ವಾಡಿ ವೆಂಕಟರಾಯರು ಪೋಲೀಸು ಇಲಾಖೆಯವರು; ‘ಮಾಡಿದ್ದುಣ್ಣೋ ಮಹಾರಾಯ’ದ ಎಂ. ಎಸ್. ಪುಟ್ಟಣ್ಣನವರು ಅಮಲ್ದಾರರಾಗಿದ್ದವರು. ಅವರು ಯಾವ ಹೊತ್ತಿನಲ್ಲಿ, ಎಷ್ಟು ಪುಟದಂತೆ ಬರೆದರೆಂಬುದನ್ನು ಟ್ರಾಲಪನಂತೆ ಲೆಕ್ಕವಿಟ್ಟಿದ್ದರೆ ನಮಗೆಷ್ಟು ಉಪಕಾರವಾಗುತ್ತಿತ್ತು!

1860ರ ಜನವರಿಯಲ್ಲಿ ಥ್ಯಾಕರೆಯ ಸಂಪಾದಕತ್ವದಲ್ಲಿ ಹೊರಟ ‘ಕಾರ್ನ್‌ಹಿಲ್’ ಮಾಸಪತ್ರಿಕೆಯ ಮೊದಲ ಸಂಚಿಕೆಯು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾಯಿತು. ಅದರ ಮೊದಲ ಧಾರಾವಾಹಿ ಟ್ರಾಲಪನದು. ಸಂಭಾವನೆ 1,000 ಪೌಂಡು. ಅಲ್ಲಿಂದ ಮುಂದೆ ಆತನ ಮನೆಯ ಬಾಗಿಲಿಗೆ ಪ್ರಕಾಶಕರೇ ಬರುತ್ತಿದ್ದರು. 1867ರಲ್ಲಿ ಅಂಚೆಯ ಕೆಲಸವನ್ನು ಬಿಟ್ಟನು. ಒಟ್ಟು ಕಾದಂಬರಿಗಳು ನಲವತ್ತೇಳು. ಎಲ್ಲವೂ ಸಮನಾದವೆಂದು ನಾನು ಹೇಳೆನು. ಕೆಲವು ಪುಟಸಂಖ್ಯೆಗಾಗಿಯೇ ಉದ್ದವಾದಂತೆ ತೋರುತ್ತವೆ. ಆದರೆ ಬಾರ್ಸೆಟ್‌ಷೈರ್ ಎಂಬ ಕಲ್ಪಿತ ಜಿಲ್ಲೆಯ ರಸ್ತೆಗಳನ್ನೂ ಮನೆಗಳನ್ನೂ ಪಾದ್ರಿಗಳ ಜಗಳಗಳನ್ನೂ ತಾನು ಬಾಳಿದ ಊರಿನವೆಂಬಂತೆ ಬಲ್ಲ ಆ ಲೇಖಕನಲ್ಲಿ, ಶಾಲೆಯ ಅಂಗಳದ ಮೂಲೆಯಲ್ಲಿ ಒಬ್ಬನೇ ನಿಂತು ನಿಯಮ ತಪ್ಪದೆ ಕನಸು ಕಾಣುತ್ತಿದ್ದ ಹುಡುಗನೇ ಕಾಣುತ್ತಾನೆ. ಗಡಿಯಾರವು ಆ ಕನಸಿಗೆ ಬೆಳಗಿನ ಮೂರು ಗಂಟೆಯ ಅವಕಾಶವನ್ನು ಕಾದುಕೊಟ್ಟಿತು.

ದಿನಚರಿಗಳು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ. 1993ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕವಿಗಳ ಮೂಲೆಯಲ್ಲಿ ಆತನ ಹೆಸರಿನ ಕಲ್ಲನ್ನು ಇಡಲಾಯಿತು. ಸಾಯುವ ವರ್ಷ ಆತನು ಎರಡು ಸಲ ಐರ್ಲೆಂಡಿಗೆ ಹೋಗಿಬಂದು, ಅಲ್ಲಿನ ಗೇಣಿದಾರರ ಚಳವಳಿಯನ್ನು ಕುರಿತು ಒಂದು ಕಾದಂಬರಿಯನ್ನು ಬರೆಯುತ್ತಿದ್ದನು. ಅರವತ್ತು ಅಧ್ಯಾಯಗಳೆಂದು ಗೊತ್ತುಮಾಡಿಕೊಂಡಿದ್ದ ಆ ಕಥೆಯು ನಲವತ್ತೊಂಬತ್ತನೆಯದರಲ್ಲಿ ನಿಂತಿತು.