ವಾದ್ಯಕ್ಕೆ ಊರಿನ ಉಸಿರು

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಶ್ರೋತೃಗಳಲ್ಲಿ ಭಜನೆಯ ಹಾರ್ಮೋನಿಯಂ ಕೇಳದವರು ವಿರಳ. ಒಂದು ಕೈ ತಿದಿಯೊತ್ತುತ್ತದೆ, ಇನ್ನೊಂದು ಸ್ವರ ಹುಡುಕುತ್ತದೆ. ಆ ಪೆಟ್ಟಿಗೆಯ ಹಿರಿಯ ಬಂಧುವೇ ಚರ್ಚುಗಳ ಪೈಪ್ ಆರ್ಗನ್. ಹಾರ್ಮೋನಿಯಮ್ಮಿನಲ್ಲಿ ಲೋಹದ ನಾಲಗೆ ಕಂಪಿಸಿದರೆ, ಆರ್ಗನ್ನಿನ ಹೆಚ್ಚಿನ ಕೊಳವೆಗಳಲ್ಲಿ ನಮ್ಮ ಕೊಳಲಿನಂತೆ ಗಾಳಿಯೇ ನುಡಿಯುತ್ತದೆ.

ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚು ತೆರೆದದ್ದು 1866ರಲ್ಲಿ. ಅದರ ಆರ್ಗನ್ 1881ರದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕಾನಕರ್ ಸಂಸ್ಥೆಯ ಕೃತಿ. ಆಗ ಇಲ್ಲಿ ವಿದ್ಯುತ್ತಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ, ಬೆಂಗಳೂರನ್ನು 1905ರಲ್ಲಿ. ಅದಕ್ಕೆ ಮುನ್ನ ಇಂಥ ವಾದ್ಯದ ತಿದಿಯನ್ನು ಒಬ್ಬನು ಮರೆಯಲ್ಲಿ ನಿಂತು ಒತ್ತಬೇಕಾಗಿತ್ತು. ನುಡಿಸಿದವನ ಹೆಸರು ಉಳಿದೀತು; ಉಸಿರು ಕೊಟ್ಟವನ ಹೆಸರು ಉಳಿಯದು.

ಉಷ್ಣದೇಶದ ಹವೆ ಆರ್ಗನ್ನಿಗೆ ಹಗೆ. ಬೇಸಗೆಯಲ್ಲಿ ಮರ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ತಿದಿಯ ತೊಗಲು ಸವೆಯುತ್ತದೆ. ಗಾಳಿ ಸೋರಿತೆಂದರೆ ಸ್ವರ ಕುಗ್ಗುತ್ತದೆ. ಹಾಗೆ ಕೆಟ್ಟ ವಾದ್ಯವನ್ನು ಊರೊಂದು ಉಳಿಸಿಕೊಂಡ ಬಗೆಗೆ ಫಿಲಿಪ್ಪೀನ್ಸಿನ ಲಾಸ್ ಪಿನ್ಯಾಸ್ ಉತ್ತಮ ನಿದರ್ಶನ.

ಅಲ್ಲಿ ದಿಯೆಗೊ ಸೆರಾ ಎಂಬ ಪಾದ್ರಿಗಳು 1824ರಲ್ಲಿ ಬಿದಿರಿನ ಆರ್ಗನ್ನೊಂದನ್ನು ಪೂರೈಸಿದರು. ಅದರ 1031 ಕೊಳವೆಗಳಲ್ಲಿ 902 ಬಿದಿರಿನವು. ಹುಳು ಹಿಡಿಯದಿರಲೆಂದು ಬಿದಿರನ್ನು ಮೊದಲು ಕಡಲತೀರದ ಮರಳಿನಲ್ಲಿ ಹೂತಿಟ್ಟಿದ್ದರಂತೆ. ಮುಂದೆ ಭೂಕಂಪ, ಚಂಡಮಾರುತಗಳಿಂದ ವಾದ್ಯ ಜೀರ್ಣವಾಯಿತು. 1973ರಲ್ಲಿ ಅದನ್ನು ಕಳಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಿದರು. ಅಲ್ಲಿನ ಚಳಿಗೆ ಬಿದಿರು ಸೀಳದಂತೆ, ಫಿಲಿಪ್ಪೀನ್ಸಿನ ಹವೆಯನ್ನೇ ಹೋಲುವ ಕೋಣೆಯೊಂದನ್ನು ಏರ್ಪಡಿಸಲಾಯಿತು. ಇತ್ತ ಊರವರೂ ನೆರೆಹೊರೆಯವರೂ ಕೈಕಟ್ಟಿ ಕೂರಲಿಲ್ಲ; ವಾಸ್ತುಶಿಲ್ಪಿಗಳೊಡನೆ ಕೈಗೂಡಿಸಿ ಹಳೆಯ ಚರ್ಚನ್ನು ಜೀರ್ಣೋದ್ಧಾರ ಮಾಡಿದರು. 1975ರಲ್ಲಿ ವಾದ್ಯ ಮನೆಗೆ ಮರಳಿತು. ಮರುವರ್ಷವೇ ಅದರ ಹೆಸರಿನ ಸಂಗೀತೋತ್ಸವ ಆರಂಭವಾಯಿತು.

ಕೋಲಾರ ಸೀಮೆಗೆ ಈ ಪಾಠ ಹೊಸದಲ್ಲ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ಹೂಳೆತ್ತಿ, ತೂಬು ಸರಿಪಡಿಸಿ, ಏರಿ ಕಾದವರ ಹೆಸರು ಅಲ್ಲಿಲ್ಲ. ಆದರೆ ಆ ಕೈಗಳು ನಿಂತ ಕಡೆ ಕೆರೆ ಹೂತುಹೋಯಿತು. ಆರ್ಗನ್ನಿನ ಮಾತೂ ಅಷ್ಟೆ. ಕೊಳವೆಯನ್ನು ತಜ್ಞನು ಸರಿಪಡಿಸಬಲ್ಲನು. ವಾರವಾರವೂ ನುಡಿಸುವ ಕೈಯನ್ನೂ ಕೇಳುವ ಕಿವಿಯನ್ನೂ ಊರೇ ಕೊಡಬೇಕು.