ಬಹುಮಾಧ್ಯಮಾಸಕ್ತಿಯೂ ಕಿಶೋರರ ಧಾರಣಶಕ್ತಿಯೂ

ಒಂದೇ ಹೊತ್ತಿನಲ್ಲಿ ಹಲವು ಮಾಧ್ಯಮಗಳಲ್ಲಿ ಮನಸ್ಸಿಡುವ ಅಭ್ಯಾಸವು ಹದಿಹರೆಯದವರ ಸ್ಮೃತಿಯನ್ನು ಕುಂದಿಸುವುದೆಂಬ ಮಾತು ಈಗ ಸರ್ವತ್ರ ಕೇಳಬರುತ್ತಿದೆ. ಪಾಠದ ಪುಸ್ತಕ ಮುಂದಿರುವಾಗಲೇ ಹಾಡು ಕೇಳುವುದು, ಅದರ ನಡುವೆ ಮೊಬೈಲಿಗೆ ಬಂದ ಸಂದೇಶಕ್ಕೆ ಉತ್ತರ ಬರೆಯುವುದು ಮೊದಲಾದವು ಈ ಅಭ್ಯಾಸದ ಲಕ್ಷಣಗಳು. ಆ ಮಾತಿಗೆ ಆಧಾರವೆಷ್ಟೆಂಬುದನ್ನು ತಿಳಿಯಬೇಕಾದರೆ, ಧಾರಣಶಕ್ತಿಯನ್ನು ಅಳೆಯುವ ಪ್ರಯತ್ನವು ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬುದನ್ನು ನೋಡತಕ್ಕುದು.

೧೮೮೭ರಲ್ಲಿ ಜೋಸೆಫ್ ಜೇಕಬ್ಸರು ‘ಮೈಂಡ್’ ಎಂಬ ಆಂಗ್ಲ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ಲಂಡನ್ನಿನ ಶಾಲಾವಿದ್ಯಾರ್ಥಿಗಳಿಗೆ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ಅದೇ ಕ್ರಮದಲ್ಲಿ ಎಷ್ಟನ್ನು ತಪ್ಪಿಲ್ಲದೆ ಮರಳಿ ಒಪ್ಪಿಸಬಲ್ಲರೆಂಬುದನ್ನು ಪರೀಕ್ಷಿಸಿದುದರ ವರದಿಯದು. ವಯಸ್ಸು ಏರಿದಂತೆ ಈ ಎಣಿಕೆಯೂ ಏರುವುದೆಂದು ಅದರಿಂದ ತಿಳಿದುಬಂದಿತು. ಅದೇ ವರ್ಷ ಮುಂಬಯಿಯಲ್ಲಿ ಹತ್ತೊಂಬತ್ತರ ಹರೆಯದ ರಾಯಚಂದಭಾಯಿ, ಎಂದರೆ ಮುಂದೆ ಶ್ರೀಮದ್ ರಾಜಚಂದ್ರರೆಂದು ಪ್ರಸಿದ್ಧರಾದವರು, ಸಭೆಯ ಮುಂದೆ ಶತಾವಧಾನವನ್ನು ನಡೆಸಿದರು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಬೆರಳೆಣಿಕೆಯ ಅಂಕಿಗಳಲ್ಲಿಯೇ ಮುಗಿದುಹೋಗುವ ಶಕ್ತಿ ಒಂದು ಕಡೆ, ನೂರು ವಿಷಯಗಳನ್ನು ಹೊತ್ತು ನಿಲ್ಲುವ ಶಕ್ತಿ ಇನ್ನೊಂದು ಕಡೆ ಇರುವಾಗ, ಈ ಅಂತರಕ್ಕೆ ಕಾರಣವೇನೆಂಬ ಪ್ರಶ್ನೆ ಏಳದಿರದು.

ಅವಧಾನದ ಕ್ರಮವನ್ನು ಬಲ್ಲವರಿಗೆ ಉತ್ತರವು ಕಷ್ಟವಲ್ಲ. ಸಾಹಿತ್ಯದ ಅಷ್ಟಾವಧಾನದಲ್ಲಿ ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿ ಮೊದಲಾದವುಗಳ ಪೃಚ್ಛಕರು ಕುಳಿತಿರುವರು. ಅವಧಾನಿಯು ಒಂದು ಸುತ್ತಿಗೆ ಪದ್ಯದ ಒಂದೇ ಪಾದವನ್ನು ಹೇಳಿ ಮುಂದಿನ ಪೃಚ್ಛಕರ ಕಡೆಗೆ ತಿರುಗುವನು. ಅಪ್ರಸ್ತುತ ಪ್ರಸಂಗದವರಂತೂ ನಡುನಡುವೆ ಬಾಯಿ ಹಾಕಿ ಚಿತ್ತವನ್ನು ಕದಡುವುದಕ್ಕೆಂದೇ ನೇಮಕವಾದವರು! ಕಡೆಯಲ್ಲಿ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುವುದೇ ಧಾರಣ. ಹೊರನೋಟಕ್ಕೆ ಏಕಕಾಲವೆಂದು ಕಂಡರೂ ಇಲ್ಲಿ ನಿಜವಾಗಿ ನಡೆಯುವುದು ಸರದಿ. ಅಲ್ಲದೆ ಛಂದಸ್ಸು, ಪ್ರಾಸ, ಅರ್ಥಗಳು ಅಕ್ಷರಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸುತ್ತವೆ. ಬಿಡಿ ಅಂಕಿಗಳಿಗೆ ಅಂಥ ಕಟ್ಟಿಲ್ಲ. ೧೯೫೬ರಲ್ಲಿ ಜಾರ್ಜ್ ಮಿಲ್ಲರರು ಹೇಳಿದುದೂ ಹೆಚ್ಚುಕಡಮೆ ಇದನ್ನೇ: ಮನಸ್ಸು ಹಿಡಿಯುವುದು ಸುಮಾರು ಏಳು ಗುಂಪುಗಳನ್ನು, ಒಂದೊಂದು ಗುಂಪಿನಲ್ಲಿ ಎಷ್ಟು ತುಂಬಿದೆಯೆಂಬುದು ಅಭ್ಯಾಸಕ್ಕೆ ಸೇರಿದ ಮಾತು. ೧೯೭೪ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬವರು, ಕೇವಲ ಹಿಡಿದಿಡುವುದಲ್ಲದೆ ಹಿಡಿದುದರ ಮೇಲೆ ಕೆಲಸವನ್ನೂ ನಡೆಸುವ ಶಕ್ತಿಯನ್ನು ವಿವರಿಸಿದರು. ಇದನ್ನೇ ಕಾರ್ಯಸ್ಮೃತಿಯೆನ್ನಬಹುದು.

ಸರದಿಗೆ ತೆರಬೇಕಾದ ಬೆಲೆಯನ್ನು ಇವರಿಗೂ ಮೊದಲೇ, ೧೯೨೭ರಲ್ಲಿ, ಆರ್ಥರ್ ಜೆರ್ಸಿಲ್ಡರು ಅಳೆದಿದ್ದರು. ಅಂಕಿಗಳ ಒಂದೇ ಪಟ್ಟಿಯಲ್ಲಿ ಒಂದಕ್ಕೆ ಕೂಡಿಸಿ ಮುಂದಿನದರಿಂದ ಕಳೆಯುತ್ತ ಹೋದರೆ, ಬರಿಯ ಕೂಡಿಸುವಿಕೆಗಿಂತಲೂ ಬರಿಯ ಕಳೆಯುವಿಕೆಗಿಂತಲೂ ಹೆಚ್ಚು ಹೊತ್ತು ಹಿಡಿಯಿತು. ಆದರೆ ಅಂಕಿಯಾದ ಮೇಲೆ ಶಬ್ದ, ಶಬ್ದವಾದ ಮೇಲೆ ಅಂಕಿ ಎಂಬಂತೆ ಮಾಡಬೇಕಾದ ಕೆಲಸವನ್ನು ವಸ್ತುವೇ ಸೂಚಿಸಿದಾಗ ಆ ನಷ್ಟವು ಕಾಣಲಿಲ್ಲ. ಈ ಎರಡನೆಯ ಫಲವನ್ನು ಇಂದಿನ ಚರ್ಚೆಗಳಲ್ಲಿ ಬಹುಮಂದಿ ಮರೆತಿರುವರು.

ಅಮೆರಿಕದಲ್ಲಿ ಕೈಸರ್ ಫ್ಯಾಮಿಲಿ ಫೌಂಡೇಷನ್ನು ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಎಂಟರಿಂದ ಹದಿನೆಂಟು ವರ್ಷದವರು ದಿನಕ್ಕೆ ಸರಾಸರಿ ೭ ಗಂಟೆ ೩೮ ನಿಮಿಷಗಳನ್ನು ಮಾಧ್ಯಮಗಳಲ್ಲಿ ಕಳೆಯುತ್ತ, ಒಂದರ ಮೇಲೊಂದನ್ನು ಹೇರಿಕೊಂಡು, ೧೦ ಗಂಟೆ ೪೫ ನಿಮಿಷಗಳಷ್ಟು ಸಾಮಗ್ರಿಯನ್ನು ಉಪಯೋಗಿಸುತ್ತಿದ್ದರು. ಇದಕ್ಕೆ ಒಂದು ವರ್ಷ ಮೊದಲು ಸ್ಟ್ಯಾನ್‌ಫರ್ಡಿನ ಓಫಿರ್, ನಾಸ್, ವ್ಯಾಗ್ನರ್ ಎಂಬ ಮೂವರು, ಇಂಥ ಅಭ್ಯಾಸ ಹೆಚ್ಚಾಗಿರುವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬೇಡದುದನ್ನು ಬದಿಗೊತ್ತುವುದರಲ್ಲಿ ಹಿಂದೆಬಿದ್ದರೆಂದೂ, ಕೆಲಸದಿಂದ ಕೆಲಸಕ್ಕೆ ತಿರುಗುವುದರಲ್ಲಿಯೂ ನಿಧಾನವಾದರೆಂದೂ ತಿಳಿಸಿದ್ದರು. ಲೋಕದಲ್ಲಿ ಹಬ್ಬಿದ ಭೀತಿಗೆ ಬಹುಮಟ್ಟಿಗೆ ಈ ಲೇಖನವೇ ಮೂಲ.

ಕಿಶೋರರನ್ನೇ ಕುರಿತ ಶೋಧನೆಗಳು ಒಂದೇ ದಾರಿ ಹಿಡಿಯಲಿಲ್ಲ. ೨೦೧೪ರಲ್ಲಿ ಬೌಮ್‌ಗಾರ್ಟ್ನರ್ ಮತ್ತು ಸಂಗಡಿಗರು ನೆದರ್ಲೆಂಡ್ಸಿನ ೫೨೩ ಮಂದಿಯನ್ನು, ಹನ್ನೊಂದರಿಂದ ಹದಿನೈದರ ವಯಸ್ಸಿನವರನ್ನು, ಪರೀಕ್ಷಿಸಿದರು. ಪ್ರಶ್ನಾವಳಿಗೆ ಉತ್ತರಿಸುವಾಗ, ಬಹುಮಾಧ್ಯಮಾಸಕ್ತರು ತಮ್ಮ ಸ್ಮೃತಿಯಲ್ಲಿ ಹೆಚ್ಚು ತೊಡಕುಗಳನ್ನು ಹೇಳಿಕೊಂಡರು. ಜೇಕಬ್ಸರ ಮಾದರಿಯ ಅಂಕಿಪರೀಕ್ಷೆಯಲ್ಲಿ ಅವರಿಗೂ ಇತರರಿಗೂ ಭೇದ ತೋರಲಿಲ್ಲ. ೨೦೧೬ರಲ್ಲಿ ಕೇನ್ ಮೊದಲಾದವರು ಅಮೆರಿಕದ ಎಂಟನೆಯ ತರಗತಿಯವರನ್ನು ಪರೀಕ್ಷಿಸಿದಾಗಲಾದರೋ ಕಾರ್ಯಸ್ಮೃತಿಯೂ ಶಾಲಾಪರೀಕ್ಷೆಯ ಅಂಕಗಳೂ ಎರಡೂ ತಗ್ಗಿದ್ದುವು. ಮರುವರ್ಷ ವಿರಾಧನಿ ಮತ್ತು ನ್ಯೂವೆನ್‌ಸ್ಟೈನ್ ಎಂಬವರು ಅದುವರೆಗಿನ ಶೋಧನೆಗಳನ್ನು ಒಟ್ಟುಗೂಡಿಸಿ ನೋಡಲು, ಚಿತ್ತಚಾಂಚಲ್ಯದೊಡನೆ ಕಂಡ ಸಂಬಂಧವು ಅಲ್ಪವಾಗಿದ್ದಿತು. ಸಣ್ಣ ಪ್ರಯೋಗಗಳಿಂದ ಬರುವ ಪಕ್ಷಪಾತವನ್ನು ತೆಗೆದಮೇಲೆ ಅದೂ ಉಳಿಯಲಿಲ್ಲ.

ಸಂಬಂಧವಿದೆಯೆಂದು ಒಪ್ಪಿದರೂ ಕಾರಣವಾವುದು ಕಾರ್ಯವಾವುದು ಎಂಬುದು ಇದರಿಂದ ನಿರ್ಣಯವಾಗದು. ಹಲವು ಮಾಧ್ಯಮಗಳಿಂದ ಸ್ಮೃತಿ ಕುಂದಿತೋ, ಮೊದಲೇ ಚಂಚಲವಾದ ಚಿತ್ತವು ಹಲವು ಮಾಧ್ಯಮಗಳನ್ನು ಅರಸಿತೋ? ಒಂದೇ ಸಲ ನಡೆಸಿದ ಪರೀಕ್ಷೆಯು ಇದನ್ನು ಹೇಳಲಾರದು. ಅವಧಾನಿಯನ್ನು ಪ್ರತಿವಾದಕ್ಕೆ ತರುವುದೂ ಯುಕ್ತವಲ್ಲ. ಆತನ ಸುತ್ತುಗಳಿಗೆ ಕ್ರಮವುಂಟು, ಅಡ್ಡಿಪಡಿಸುವವರು ಯಾರೆಂಬುದು ಆತನಿಗೆ ಮೊದಲೇ ಗೊತ್ತು, ವರ್ಷಗಳ ಸಾಧನೆ ಆತನ ಬೆನ್ನಿಗಿದೆ. ಓದುತ್ತಿರುವ ಹುಡುಗನಿಗಾದರೋ ಮುಂದಿನ ಸಂದೇಶವು ಯಾವ ಗಳಿಗೆಯಲ್ಲಿ ಬರುವುದೆಂಬುದೇ ತಿಳಿಯದು.